ಕೆಲಸ ಹೋದವರಿಗೆ ಅರ್ಧ ಸಂಬಳ: ಕಾಲು ಭಾಗ ಯಾಕೆ ಸಾಲಲಿಲ್ಲ?

2020ರ ಜೂನ್. ಭದ್ರಾವತಿಯಲ್ಲಿ ಮಳೆ ಹಿಡಿದಿತ್ತು. ನಮ್ಮ ಬೀದಿಯ ಕೊನೆ ಮನೆಯ ಅಕ್ಕ ಬುತ್ತಿ ಹಿಡಿದು ಗಾರ್ಮೆಂಟ್ಸ್ ಬಸ್ಸಿಗೆ ಓಡುವುದು ಅಷ್ಟು ಹೊತ್ತಿಗೆ ನಿಂತುಹೋಗಿತ್ತು. ಒಂಬತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವರು ಅವರು. 'ಆರ್ಡರ್ ಇಲ್ಲ, ಕರೆದಾಗ ಬನ್ನಿ' ಎಂದು ಮೊದಲು ಮನೆಗೆ ಕಳಿಸಿದರು. ಆಮೇಲೆ 'ಇನ್ನು ಬರೋದು ಬೇಡ' ಎಂದರು.

ನವೆಂಬರ್‌ನಲ್ಲಿ ಒಂದು ದಿನ ಅವರ ಮನೆಯಲ್ಲಿ ಯಾವುದೋ ಕಾಗದ ಹುಡುಕುವಾಗ ಹಳೆಯ ಸಂಬಳದ ಚೀಟಿ ಕೈಗೆ ಸಿಕ್ಕಿತು. ಅದರಲ್ಲಿ 'ಇಎಸ್‌ಐ' ಅಂತ 68 ರೂಪಾಯಿ ಕಡಿತ ಇತ್ತು.

"ಅಕ್ಕ, ಇದರಲ್ಲಿ ಕೆಲಸ ಹೋದ್ರೂ ದುಡ್ಡು ಬರುತ್ತೆ, ಗೊತ್ತಾ?" ಎಂದೆ.

"ಅದು ಆಸ್ಪತ್ರೆ ದುಡ್ಡಲ್ವೇನೋ? ನಂಗ್ಯಾರೂ ಹೇಳ್ಲೇ ಇಲ್ಲ ಕಣೋ" ಎಂದರು.

ಕೆಲಸ ಹೋಗಿ ಐದು ತಿಂಗಳಾಗಿತ್ತು. ಹಕ್ಕಿನ ದುಡ್ಡು ಅಷ್ಟೂ ದಿನ ಹಾಗೇ ಕೂತಿತ್ತು. ಆ ದಿನದಿಂದ ನಾನು ಈ ವಿಷಯವನ್ನು ಬಿಟ್ಟಿಲ್ಲ. ಅಕ್ಕನಿಗೆ ಕೂತು ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಈ ದುಡ್ಡು ಎಲ್ಲಿಂದ ಬರುತ್ತದೆ?

ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ. 1948ರ ಕಾಯ್ದೆಯಿಂದ ಬಂದದ್ದು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಾರ್ಖಾನೆಗಳಿಗೆ ಇದು ಅನ್ವಯಿಸುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. 2019ರ ಜುಲೈಯಿಂದ ಕೆಲಸಗಾರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಅಕ್ಕನ ಸಂಬಳ ಆಗ 9,000. ಹಾಗಾಗಿ ಅವರಿಂದ 68 ರೂಪಾಯಿ, ಕಂಪನಿಯಿಂದ ಸುಮಾರು 293 ರೂಪಾಯಿ ಪ್ರತಿ ತಿಂಗಳೂ ಕಟ್ಟಬೇಕಿತ್ತು.

ಇದು ಯಾರೋ ಕೊಡುವ ದಾನ ಅಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುವುದಿಲ್ಲವಾ, ಹಾಗೆ. ಬಿಸಿಲಿರುವಾಗ ಎಲ್ಲರೂ ತಂದು ಒಟ್ಟುತ್ತಾರೆ. ಮಳೆಯಲ್ಲಿ ಯಾರ ಒಲೆ ಆರಿತೋ ಅವರಿಗೆ ಅದರಿಂದ ಕೊಡುತ್ತಾರೆ.

ಇದರೊಳಗೆ ಕೆಲಸ ಹೋದವರಿಗಾಗಿಯೇ ಒಂದು ಯೋಜನೆ 2018ರ ಜುಲೈ 1ರಿಂದ ಶುರುವಾಯಿತು. ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಮೊದಲು ಇದ್ದ ನಿಯಮ ಹೀಗಿತ್ತು. ದಿನದ ಸರಾಸರಿ ಸಂಬಳದ ಶೇ. 25, ಗರಿಷ್ಠ 90 ದಿನ, ಜೀವನದಲ್ಲಿ ಒಂದೇ ಸಲ. ಕೆಲಸ ಹೋಗಿ 90 ದಿನ ಕಳೆದ ಮೇಲೆ ಮಾತ್ರ ದುಡ್ಡು. ಅರ್ಜಿ ಹಳೆಯ ಮಾಲೀಕರ ಮೂಲಕವೇ ಹೋಗಬೇಕು. ಯಾರು ಕೆಲಸದಿಂದ ತೆಗೆದರೋ ಅವರ ಬಾಗಿಲಿಗೇ ಹೋಗಿ ಸಹಿ ಕೇಳಬೇಕು ಅಂದರೆ ಎಷ್ಟು ಜನ ಹೋದಾರು, ಅಲ್ವಾ?

ಕೊರೊನಾ ಬಂತು. 2020ರ ಆಗಸ್ಟ್ 20ರಂದು ಇಎಸ್‌ಐ ನಿಗಮ ಸಭೆ ಸೇರಿ ಈ ನಿಯಮ ಬದಲಿಸಿತು. ಶೇ. 25 ಇದ್ದದ್ದು ಶೇ. 50 ಆಯಿತು. 90 ದಿನ ಕಾಯುವುದು 30 ದಿನಕ್ಕೆ ಇಳಿಯಿತು. ಮಾಲೀಕರ ಹಂಗಿಲ್ಲದೆ ಕೆಲಸಗಾರರೇ ನೇರವಾಗಿ ಶಾಖಾ ಕಚೇರಿಗೆ ಅರ್ಜಿ ಕೊಡಬಹುದಾಯಿತು. ದುಡ್ಡು ನೇರ ಬ್ಯಾಂಕ್ ಖಾತೆಗೆ. ಆ ವರ್ಷದ ಮಾರ್ಚ್ 24ರಿಂದ ಕೆಲಸ ಕಳೆದುಕೊಂಡವರಿಗೆ ಇದು ಅನ್ವಯ ಎಂದರು. ಮೊದಲು ಡಿಸೆಂಬರ್ ಕೊನೆವರೆಗೆ ಎಂದು ಹೇಳಿ, ಆಮೇಲೆ ಮುಂದುವರಿಸಿದರು. ಯೋಜನೆಯ ಅವಧಿ ಅಲ್ಲಿಂದ ಕಂತು ಕಂತಾಗಿ ವಿಸ್ತರಣೆಯಾಗುತ್ತಾ ಬಂದಿದೆ. ಹಾಗಾಗಿ ಈಗ ಅರ್ಜಿ ಹಾಕುವವರು ಇವತ್ತಿನ ದರ ಮತ್ತು ಕೊನೆಯ ದಿನಾಂಕವನ್ನು ಶಾಖಾ ಕಚೇರಿಯಲ್ಲೇ ಕೇಳಿಕೊಳ್ಳಿ.

ಕಾಲಿಗೂ ಅರ್ಧಕ್ಕೂ ಇರುವ ವ್ಯತ್ಯಾಸ

ಲೆಕ್ಕ ಹೀಗೆ ಮಾಡುತ್ತಾರೆ. ಇಎಸ್‌ಐಯಲ್ಲಿ ವರ್ಷಕ್ಕೆ ಎರಡು ಅವಧಿ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಮುಂಚಿನ ನಾಲ್ಕು ಅವಧಿಯ, ಅಂದರೆ ಎರಡು ವರ್ಷದ ಸಂಬಳ ಕೂಡಿಸಿ 730ರಿಂದ ಭಾಗಿಸುತ್ತಾರೆ. ಬಂದದ್ದೇ ದಿನದ ಸರಾಸರಿ.

ಅಕ್ಕನ ಎರಡು ವರ್ಷದ ಸಂಬಳ 2,16,000 ಎಂದುಕೊಳ್ಳಿ. 730ರಿಂದ ಭಾಗಿಸಿದರೆ ದಿನಕ್ಕೆ ಹತ್ತಿರ ಹತ್ತಿರ 296 ರೂಪಾಯಿ. ಅದರ ಕಾಲು ಭಾಗ 74. ತಿಂಗಳಿಗೆ ಸುಮಾರು 2,219. ಅರ್ಧ ಎಂದರೆ ದಿನಕ್ಕೆ 148, ತಿಂಗಳಿಗೆ ಸುಮಾರು 4,438. ಪೂರ್ತಿ 90 ದಿನಕ್ಕೆ ಕಾಲು ಭಾಗದಲ್ಲಿ 6,658 ಸಿಗುತ್ತಿತ್ತು. ಅರ್ಧದಲ್ಲಿ 13,315.

ಈಗ ಅಕ್ಕನ ಖರ್ಚು ನೋಡಿ. ಮನೆ ಬಾಡಿಗೆ 2,500. ಸಂಘದ ಸಾಲದ ಕಂತು 1,200. ಅಕ್ಕಿ ರೇಷನ್ ಅಂಗಡಿಯಲ್ಲಿ ಸಿಗುತ್ತದೆ, ಸರಿ. ಆದರೆ ಎಣ್ಣೆ, ಬೇಳೆ, ಗ್ಯಾಸು, ಮಗಳ ಮೊಬೈಲ್ ಕ್ಲಾಸಿನ ಕರೆನ್ಸಿ?

ಕಾಲು ಭಾಗ ಬಂದಿದ್ದರೆ ಬಾಡಿಗೆಗೂ ಸಾಲುತ್ತಿರಲಿಲ್ಲ. ಅರ್ಧ ಬಂದರೆ ಬಾಡಿಗೆ, ಸಂಘದ ಕಂತು ಎರಡೂ ಕಳೆದು ಏಳುನೂರು ಚಿಲ್ಲರೆ ಕೈಯಲ್ಲಿ ಉಳಿಯುತ್ತದೆ. ಆ ಏಳುನೂರು ನೋಡಲು ಸಣ್ಣದು. ಆದರೆ ಮನೆ ಖಾಲಿ ಮಾಡಬೇಕಾ ಬೇಡವಾ ಎನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಬಡವರ ಸಂಬಳದಲ್ಲಿ ಬಹುಪಾಲು ಮುಂಚೆಯೇ ಮಾತು ಕೊಟ್ಟ ದುಡ್ಡು. ಬಾಡಿಗೆ, ಕಂತು, ಚೀಟಿ. ಕೆಲಸ ಹೋಯಿತು ಎಂದು ಇವು ಕಡಿಮೆಯಾಗುವುದಿಲ್ಲ. ಒಂದು ಕಂತು ತಪ್ಪಿದರೆ ಸಂಘದ ಉಳಿದ ಹೆಂಗಸರು ಕಟ್ಟಬೇಕು. ಹಾಗಾಗಿ ಮೊದಲು ಕತ್ತರಿ ಬೀಳುವುದು ಊಟಕ್ಕೆ, ಔಷಧಿಗೆ. ಆಮೇಲೆ ಓಲೆ ಗಿರವಿಗೆ ಹೋಗುತ್ತದೆ. ಅಕ್ಕನದ್ದೂ ಹೋಗಿತ್ತು.

ಕಷ್ಟಕಾಲದಲ್ಲೇ ಯಾಕೆ ಹೆಚ್ಚಿಸಬೇಕು?

ಕೆಲಸ ಹೋದ ಕಷ್ಟ ಯಾವಾಗಲೂ ಕಷ್ಟವೇ. ಹಾಗಿದ್ದ ಮೇಲೆ ಆರ್ಥಿಕ ಕುಸಿತ ಬಂದಾಗ ಮಾತ್ರ ಜಾಸ್ತಿ ಯಾಕೆ ಕೊಡಬೇಕು?

ನಮ್ಮ ಕಡೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಒಳ್ಳೆಯ ಕಾಲದಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಕೆಲಸ ಹೋದರೆ ಪಕ್ಕದ ಫೌಂಡ್ರಿಯಲ್ಲಿ ಕೇಳಬಹುದು. ಒಂದು ಗಾರ್ಮೆಂಟ್ಸ್ ಬಿಟ್ಟರೆ ಇನ್ನೊಂದು ಇದೆ. ಕುಸಿತದಲ್ಲಿ ಎಲ್ಲ ಗೇಟುಗಳೂ ಒಟ್ಟಿಗೆ ಮುಚ್ಚುತ್ತವೆ. ಹುಡುಕಿದರೂ ಕೆಲಸ ಸಿಗುವುದಿಲ್ಲ. ಮಾಮೂಲಿ ಕಾಲದಲ್ಲಿ ಒಂದು ತಿಂಗಳಲ್ಲಿ ಮುಗಿಯುವ ಹುಡುಕಾಟ ಆರು ತಿಂಗಳು ಎಳೆಯುತ್ತದೆ. ಗಂಡನ ಕೆಲಸವೂ ಅದೇ ಹೊತ್ತಿಗೆ ಹೋಗಿರುತ್ತದೆ. ಸಾಲ ಕೊಡುತ್ತಿದ್ದ ಅಣ್ಣತಮ್ಮಂದಿರ ಕೈಯೂ ಖಾಲಿ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಅಕ್ಟೋಬರ್‌ನಿಂದ ಅಡಿಕೆ ಕೊಯ್ಲು ಶುರು. ಆಗ ಕೆಲಸ ಹೋದರೆ ಅಡಿಕೆ ಸುಲಿಯಲು ಹೋಗಬಹುದು. ಅಂಗಳದಲ್ಲಿ ರಾತ್ರಿ ಹತ್ತರವರೆಗೂ ಸುಲಿದು ಅಂದಂದಿನ ಖರ್ಚು ಹೊರಡಿಸುವ ಹೆಂಗಸರು ಎಷ್ಟೋ ಮಂದಿ ಇದ್ದಾರೆ. ಆದರೆ ಜೂನ್‌ನಲ್ಲಿ ಕೆಲಸ ಹೋದರೆ? ಆಷಾಢದ ಮಳೆಯಲ್ಲಿ ನಾಟಿ ಕೆಲಸ ಕೆಲವೇ ದಿನ. ಕಟ್ಟಡದ ಕೆಲಸ ನಿಂತಿರುತ್ತದೆ. ಪೇಟೆಯಿಂದ ಊರಿಗೆ ಮರಳಿದ ಹುಡುಗರೂ ಅದೇ ಕೂಲಿಗೆ ಬಂದು ನಿಲ್ಲುತ್ತಾರೆ. 2020ರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಂಗಳೂರಿನಿಂದ ಬಂದವರಿಂದ ಎಷ್ಟು ಮನೆ ತುಂಬಿತ್ತು ಎನ್ನುವುದನ್ನು ನಾವೆಲ್ಲ ನೋಡಿದ್ದೇವೆ.

ಇದು ಮನೆಯ ಮಾತಾಯಿತು. ಇನ್ನು ಊರಿನ ಮಾತು.

ಕೆಲಸಗಾರರ ಕೈಗೆ ಬಂದ ದುಡ್ಡು ಅಲ್ಲಿ ನಿಲ್ಲುವುದಿಲ್ಲ. ದಿನಸಿ ಅಂಗಡಿಗೆ ಹೋಗುತ್ತದೆ. ಅಲ್ಲಿಂದ ಹಾಲಿನವರಿಗೆ, ಆಟೋದವರಿಗೆ, ಟೈಲರಿಗೆ. ಕೆಲಸ ಹೋದವರು ಖರ್ಚು ನಿಲ್ಲಿಸಿದಾಗ ಅಂಗಡಿಯವರ ವ್ಯಾಪಾರ ಬೀಳುತ್ತದೆ. ಅವರು ಅಂಗಡಿ ಹುಡುಗನನ್ನು ಬಿಡಿಸುತ್ತಾರೆ. ಹುಡುಗನ ಮನೆಯ ಖರ್ಚೂ ನಿಲ್ಲುತ್ತದೆ. ಹೀಗೆ ಒಂದು ಕಾರ್ಖಾನೆಯ ಕಷ್ಟ ಇಡೀ ಊರಿಗೆ ಹಬ್ಬುತ್ತದೆ. ಭದ್ರಾವತಿಯವರಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಈ ಎರಡರ ಸಂಬಳದ ದಿನವೇ ಪೇಟೆಗೆ ಹಬ್ಬವಾಗಿತ್ತು. ಕಾಗದದ ಕಾರ್ಖಾನೆ ಎಂಪಿಎಂ 2015ರ ಸುಮಾರಿಗೆ ಕೆಲಸ ನಿಲ್ಲಿಸಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್‌ನ ಆಡಳಿತ ಮಂಡಳಿ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚಲು ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಧರಣಿ ಕೂತರು. ಆಮೇಲೆ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. ಆದರೆ ಪೇಟೆಯ ಅಂಗಡಿ ಬೀದಿಗಳಿಗೆ ಹಳೆಯ ಕಳೆ ಬಂದಿಲ್ಲ.

ಈ ಹಬ್ಬುವಿಕೆಗೆ ಅಡ್ಡ ಕಟ್ಟುವ ಕೆಲಸವನ್ನು ನಿರುದ್ಯೋಗ ಪರಿಹಾರ ಮಾಡುತ್ತದೆ. ಕೆಲಸ ಹೋದವರಿಗೆ ಕೊಟ್ಟದ್ದು ಕೂಡಿಡುವ ದುಡ್ಡಲ್ಲ. ಅದೇ ವಾರ ಅದೇ ಊರಿನಲ್ಲಿ ಖರ್ಚಾಗುತ್ತದೆ. ಕುಸಿತದಲ್ಲಿ ಸರ್ಕಾರ ಕೊಡಬಹುದಾದ ನೂರು ರೂಪಾಯಿಯನ್ನು ಎಲ್ಲಿ ಹಾಕಿದರೆ ಬೇಗ ಕೆಲಸಕ್ಕೆ ಬರುತ್ತದೆ ಎಂದು ಕೇಳಿದರೆ, ನಾನು ಇಲ್ಲಿಗೇ ಬೆರಳು ತೋರಿಸುತ್ತೇನೆ.

ಸುಮ್ನೆ ಕೂತು ತಿಂತಾರೆ ಅನ್ನುವವರಿಗೆ

ಈ ಮಾತು ಎಲ್ಲ ಕಡೆ ಕೇಳುತ್ತದೆ. ಇದನ್ನು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ, ಉತ್ತರ ಕೊಡಬೇಕು.

ಕೆಲಸ ಬೇಕಾದಷ್ಟು ಇರುವಾಗ, ವರ್ಷಗಟ್ಟಲೆ, ಸಂಬಳದಷ್ಟೇ ಪರಿಹಾರ ಕೊಟ್ಟರೆ ಕೆಲವರು ನಿಧಾನ ಮಾಡಬಹುದು. ಒಪ್ಪುತ್ತೇನೆ. ಅದಕ್ಕೇ ಒಳ್ಳೆಯ ಕಾಲಕ್ಕೊಂದು ದರ, ಕೆಟ್ಟ ಕಾಲಕ್ಕೊಂದು ದರ ಇರಲಿ ಎನ್ನುವುದು. ಕೆಲಸವೇ ಇಲ್ಲದ ಊರಿನಲ್ಲಿ 'ಕೆಲಸ ಹುಡುಕುತ್ತಿಲ್ಲ' ಎಂದು ಬೈದು ಏನು ಬಂತು?

ಅಮೆರಿಕದಲ್ಲಿ ಇದರ ಪರೀಕ್ಷೆ ತಾನಾಗೇ ನಡೆದುಹೋಯಿತು. ಅಲ್ಲಿ 1935ರಿಂದಲೂ ನಿರುದ್ಯೋಗ ವಿಮೆ ಇದೆ. ಹೆಚ್ಚಿನ ರಾಜ್ಯಗಳಲ್ಲಿ 26 ವಾರದವರೆಗೆ ಸಿಗುತ್ತದೆ. 2020ರ ಮಾರ್ಚ್‌ನಲ್ಲಿ ಅದರ ಮೇಲೆ ವಾರಕ್ಕೆ 600 ಡಾಲರ್ ಸೇರಿಸಿದರು. ಎಷ್ಟೋ ಜನರಿಗೆ ಹಳೆಯ ಸಂಬಳಕ್ಕಿಂತ ಪರಿಹಾರವೇ ಜಾಸ್ತಿಯಾಯಿತು. ಆಮೇಲೆ ಅದು 300 ಡಾಲರ್‌ಗೆ ಇಳಿಯಿತು. 2021ರಲ್ಲಿ 'ಜನ ಕೆಲಸಕ್ಕೆ ಬರುತ್ತಿಲ್ಲ' ಎಂದು ಸುಮಾರು ಅರ್ಧದಷ್ಟು ರಾಜ್ಯಗಳು ಗಡುವಿಗೆ ಮುಂಚೆಯೇ ಅದನ್ನು ನಿಲ್ಲಿಸಿದವು. ಉಳಿದವು ಸೆಪ್ಟೆಂಬರ್‌ವರೆಗೆ ಕೊಟ್ಟವು. ನಿಲ್ಲಿಸಿದ ಕಡೆ ಕೆಲಸಕ್ಕೆ ಮರಳಿದವರ ಸಂಖ್ಯೆ ಸ್ವಲ್ಪ ಹೆಚ್ಚಿತು, ಅಷ್ಟೇ. ಪರಿಹಾರ ಕಳೆದುಕೊಂಡ ಹೆಚ್ಚಿನವರಿಗೆ ಕೆಲಸ ಸಿಗಲಿಲ್ಲ. ಅವರ ಮನೆಯ ಖರ್ಚು ಮಾತ್ರ ಕಡಿಮೆಯಾಯಿತು.

ನಮ್ಮಲ್ಲಿ 2020ರಲ್ಲಿ ಹೆಚ್ಚಿಸಿ ಕೊಟ್ಟದ್ದು ಅರ್ಧ ಸಂಬಳ, ಮೂರು ತಿಂಗಳು, ಅದೂ ಜೀವನದಲ್ಲಿ ಒಂದೇ ಸಲ. ದಿನಕ್ಕೆ 148 ರೂಪಾಯಿ ತೆಗೆದುಕೊಂಡು ಯಾರು ಸುಮ್ನೆ ಕೂರುತ್ತಾರೆ?

ತಡವಾಗಿ ಬಂದ ಔಷಧಿ

ನನ್ನ ದೊಡ್ಡ ದೂರು ಬೇರೆಯೇ ಇದೆ. ಲಾಕ್‌ಡೌನ್ ಆದದ್ದು ಮಾರ್ಚ್ ಕೊನೆಗೆ. ಹೆಚ್ಚಳದ ತೀರ್ಮಾನ ಆಗಸ್ಟ್ 20ಕ್ಕೆ. ಮಧ್ಯೆ ಐದು ತಿಂಗಳು.

ಅಡಿಕೆ ತೋಟ ಇರುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕೊಳೆ ರೋಗ ತಡೆಯುವ ಬೋರ್ಡೋ ದ್ರಾವಣವನ್ನು ಮಳೆ ಜೋರಾಗುವ ಮುಂಚೆಯೇ ಅಡಿಕೆ ಗೊನೆಗೆ ಹೊಡೆಯಬೇಕು. ಕೊಳೆ ಹಿಡಿದು ಕಾಯಿ ಉದುರಲು ಶುರುವಾದ ಮೇಲೆ ಎಷ್ಟು ಹೊಡೆದರೂ ಉದುರಿದ್ದು ಮರಕ್ಕೆ ಹತ್ತುವುದಿಲ್ಲ. ಅಕ್ಕನ ಓಲೆ ಗಿರವಿಗೆ ಹೋದದ್ದು ಜುಲೈಯಲ್ಲಿ. ಪರಿಹಾರ ಖಾತೆಗೆ ಬಂದಾಗ ಅಡಿಕೆ ಸುಗ್ಗಿ ಮುಗಿಯುತ್ತಾ ಬಂದಿತ್ತು. ಬಂದ ದುಡ್ಡಿನಲ್ಲಿ ಒಂದು ಪಾಲು ಗಿರವಿಯ ಬಡ್ಡಿಗೇ ಹೋಯಿತು.

ಹೆಚ್ಚಳ ತಾನಾಗೇ ಆಗುವಂತೆ ನಿಯಮ ಮಾಡಿಡಬಹುದು. ಅಮೆರಿಕದಲ್ಲಿ 1970ರಿಂದ ಅಂಥದ್ದೊಂದು ಕಾನೂನಿದೆ. ಒಂದು ರಾಜ್ಯದಲ್ಲಿ ನಿರುದ್ಯೋಗ ನಿಗದಿತ ಗೆರೆ ದಾಟಿದರೆ ಪರಿಹಾರದ ಅವಧಿ 13 ವಾರ ಹೆಚ್ಚುತ್ತದೆ. ಯಾರೂ ಸಭೆ ಸೇರಬೇಕಿಲ್ಲ.

ನಮ್ಮಲ್ಲಿ ಗೆರೆ ಎಳೆಯಲು ಅಂಕಿ ಎಲ್ಲಿದೆ ಎಂದು ಕೇಳಬಹುದು. ಇದೆ, ಇಎಸ್‌ಐ ಕಚೇರಿಯಲ್ಲೇ ಇದೆ. ಪ್ರತಿ ಕಂಪನಿಯೂ ಒಂದು ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಯಾರ ಹೆಸರಿನಲ್ಲಿ ಎಷ್ಟು ದಿನದ ಸಂಬಳ ಎನ್ನುವುದೂ ಅದರಲ್ಲೇ ಇರುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಕಳೆದ ತಿಂಗಳು ವಂತಿಗೆ ಕಟ್ಟಿದವರಲ್ಲಿ ಈ ತಿಂಗಳು ಎಷ್ಟು ಹೆಸರು ಕಾಣೆಯಾಯಿತು ಎನ್ನುವುದು ಎರಡು ವಾರದಲ್ಲಿ ಗೊತ್ತಾಗುತ್ತದೆ. ಆ ಸಂಖ್ಯೆ ಒಂದು ಮಟ್ಟ ದಾಟಿದರೆ ಆ ಜಿಲ್ಲೆಗೆ ದರ ಹೆಚ್ಚಲಿ, ಕಾಯುವ ದಿನ ಇಳಿಯಲಿ. ಹೆಸರು ಕಾಣೆಯಾದವರ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಹೋಗಲಿ. ಈ ಯೋಜನೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ ಎಂದು ಅಂದಾಜಿತ್ತು. ಬಂದವರು ಅದಕ್ಕಿಂತ ಬಹಳ ಕಡಿಮೆ. ಒಂದು ಸಂದೇಶ ಬಂದಿದ್ದರೆ ಅಕ್ಕ ನವೆಂಬರ್‌ವರೆಗೆ ಕಾಯುತ್ತಿರಲಿಲ್ಲ.

ಬಾಗಿಲ ಹೊರಗೆ ನಿಂತವರು

ದರ ಹೆಚ್ಚಿಸಿದರೂ ಅದು ತಲುಪುವುದು ಇಎಸ್‌ಐ ನಂಬರ್ ಇದ್ದವರಿಗೆ ಮಾತ್ರ. ಅಡಿಕೆ ಸುಲಿಯುವವರಿಗೆ, ಗಾರೆ ಕೆಲಸದವರಿಗೆ ಅದಿಲ್ಲ. ಕಾಫಿ, ಸಕ್ಕರೆಯಂಥ ಸುಗ್ಗಿಯ ಕಾರ್ಖಾನೆಗಳನ್ನು 1948ರ ಕಾಯ್ದೆಯೇ ಹೊರಗಿಟ್ಟಿತ್ತು. ಮೇಲಿನ ತುದಿಯಲ್ಲೂ ತೊಂದರೆ ಇದೆ. 21,000ದ ಮಿತಿ ನಿಗದಿಯಾದದ್ದು 2017ರ ಜನವರಿಯಲ್ಲಿ. ಬೆಲೆ ಏರಿದೆ, ಸಂಬಳ ಏರಿದೆ. ಮಿತಿ ಏರದಿದ್ದರೆ ಐನೂರು ರೂಪಾಯಿ ಬಡ್ತಿ ಸಿಕ್ಕ ಫೌಂಡ್ರಿ ಕೆಲಸಗಾರ ವಿಮೆಯಿಂದಲೇ ಹೊರಬೀಳುತ್ತಾನೆ. ಮಳೆಗಾಲ ಬಂದಾಗ ಅವನಿಗೆ ಸೌದೆ ಇಲ್ಲ.

ಗುತ್ತಿಗೆ ಕೆಲಸಗಾರರು ಒಂದು ವಿಷಯ ತಿಳಿದಿರಬೇಕು. ಗುತ್ತಿಗೆದಾರ ಕಟ್ಟದಿದ್ದರೂ ಅವರ ಇಎಸ್‌ಐ ವಂತಿಗೆ ಕಟ್ಟುವ ಹೊಣೆ ಮೂಲ ಕಂಪನಿಯದ್ದೇ. 'ನೀವು ನಮ್ಮವರಲ್ಲ' ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

'ಯುವನಿಧಿ ಇದೆಯಲ್ಲ' ಎಂದು ಹಲವರು ಕೇಳುತ್ತಾರೆ. ಅದರ ದುಡ್ಡು ಹಾಕಲು ಶುರು ಮಾಡಿದ್ದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ, 2024ರ ಜನವರಿ 12ಕ್ಕೆ. ಆದರೆ ಅದು ಓದು ಮುಗಿಸಿ ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500. ಇದ್ದ ಕೆಲಸ ಕಳೆದುಕೊಂಡ ನಲವತ್ತರ ಅಕ್ಕನಿಗೆ ಅಲ್ಲ.

ಇನ್ನು ಮಾತಿನ ಗೊಂದಲ. ನಾವು ಎಲ್ಲಕ್ಕೂ 'ಲೇ-ಆಫ್' ಅನ್ನುತ್ತೇವೆ. ಕಾನೂನಿನಲ್ಲಿ ಲೇ-ಆಫ್ ಎಂದರೆ ಸದ್ಯಕ್ಕೆ ಕೆಲಸ ಕೊಡಲಾಗದೆ ಮನೆಗೆ ಕಳಿಸಿರುವುದು. ಕೆಲಸ ಇನ್ನೂ ನಿಮ್ಮದೇ. 50 ಅಥವಾ ಜಾಸ್ತಿ ಕೆಲಸಗಾರರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ಪೂರೈಸಿದ ಕಾಯಂ ಕೆಲಸಗಾರರಿಗೆ ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಕಂಪನಿಯೇ ಕೊಡಬೇಕು. ಕೆಲಸವೇ ಹೋದರೆ ಅದು ರಿಟ್ರೆಂಚ್‌ಮೆಂಟ್. ಆಗ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ ಎರಡೂ ಇವೆ. ಅದರ ಜೊತೆಗೆ, ಹೊಸ ಕೆಲಸ ಕಲಿಯಲೆಂದು ಮತ್ತೆ 15 ದಿನದ ಸಂಬಳದಷ್ಟು ಹಣ ಕೆಲಸ ಹೋದವರ ಖಾತೆಗೆ ಬರಬೇಕು ಎಂದಿದೆ.

ಅದಕ್ಕೇ ಅನೇಕ ಕಡೆ 'ರಾಜೀನಾಮೆ ಬರೆದುಕೊಟ್ಟು ಹೋಗು' ಎನ್ನುತ್ತಾರೆ. ಬರೆದುಕೊಟ್ಟರೆ ಈ ಪರಿಹಾರ ಕೈತಪ್ಪುತ್ತದೆ. ದಯವಿಟ್ಟು ಬರೆದುಕೊಡಬೇಡಿ. ಸಂಬಳದ ಚೀಟಿ, ಇಎಸ್‌ಐ ನಂಬರ್ ಜೋಪಾನ ಮಾಡಿ. ಆಧಾರ್ ಮತ್ತು ಬ್ಯಾಂಕ್ ಖಾತೆ ಇಎಸ್‌ಐ ದಾಖಲೆಗೆ ಜೋಡಣೆಯಾಗಿದೆಯಾ ಎಂದು ಕೆಲಸ ಇರುವಾಗಲೇ ನೋಡಿಕೊಳ್ಳಿ. ಕಾರ್ಖಾನೆಯೇ ಮುಚ್ಚಿದ್ದರೆ ಅಥವಾ ರಿಟ್ರೆಂಚ್‌ಮೆಂಟ್ ಆಗಿದ್ದರೆ 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯ ಬಗ್ಗೆಯೂ ಕೇಳಿ. ಅದರಲ್ಲಿ ಮೊದಲ ವರ್ಷ ಅರ್ಧ, ಎರಡನೇ ವರ್ಷ ಕಾಲು ಭಾಗ ಸಿಗುತ್ತದೆ.

ಅಕ್ಕ ಈಗ ಬೇರೆ ಗಾರ್ಮೆಂಟ್ಸ್‌ನಲ್ಲಿದ್ದಾರೆ. ಸಂಬಳದ ಚೀಟಿಯನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟಿದ್ದಾರೆ. ಮೊನ್ನೆ ಅದನ್ನು ತೋರಿಸಿ, "ಇನ್ನೊಂದ್ ಸಲ ಹಂಗಾದ್ರೆ ಇದನ್ನೇ ತಗೊಂಡ್ ಹೋಗ್ತೀನಿ" ಎಂದರು. ಅಟಲ್ ಯೋಜನೆಯಲ್ಲಿ ಜೀವನಕ್ಕೆ ಒಂದೇ ಸಲ ಎಂದು ನಾನು ಅವರಿಗೆ ಹೇಳಬೇಕಾಯಿತು. "ಒಂದೇ ಸಲಾನಾ?" ಎಂದು ಕೇಳಿ, ಡಬ್ಬದ ಮುಚ್ಚಳ ಹಾಕಿ ಮತ್ತೆ ಅಟ್ಟದ ಮೇಲಿಟ್ಟರು.